ಎಂಟು ಮಗ್ಗ, ಎರಡು ಕೈ

ಪ್ರೀತಿಯ ತಂಗಿ,

ನಿನ್ನ ಪತ್ರ ಗಡಹಿಂಗ್ಲಜಕ್ಕೆ ಬಂದು ಮುಟ್ಟಿತು. ಕ್ಷೇಮಸಮಾಚಾರಕ್ಕಿಂತ ಅದರೊಳಗಿನ ತಕರಾರು ನನಗೆ ಹಿಡಿಸಿತು. ‘ಇಚಲಕರಂಜಿಯಲ್ಲಿ ಅಪ್ಪ ಒಂದೇ ಪಾಳಿಯಲ್ಲಿ ಎಂಟು ಮಗ್ಗ ನೋಡಿಕೊಂಡರೆ ಜಾಣ ಕೆಲಸಗಾರ ಅಂತೀರಿ. ನಾನು ಕೊಲ್ಹಾಪುರದ ಖೋಲಿಯಲ್ಲಿ ಕೂತು ಯೂಟ್ಯೂಬಿನಲ್ಲಿ ಪಾಠ, ವಾಟ್ಸಾಪಿನಲ್ಲಿ ಗೆಳತಿಯರು, ಕಿವಿಯಲ್ಲಿ ಹಾಡು ಎಲ್ಲ ಒಟ್ಟಿಗೆ ನಡೆಸಿದರೆ ಚಂಚಲೆ ಅಂತೀರಿ. ಇದು ಯಾವ ನ್ಯಾಯ?’ ಎಂದು ಕೇಳಿದ್ದೀ. ‘ಮೊಬೈಲ್ ಬಿಡು, ಪುಸ್ತಕ ಹಿಡಿ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿನ್ನ ಪಾಠವೇ ಮೊಬೈಲಿನಲ್ಲಿರುವಾಗ ಆ ಮಾತಿಗೆ ಅರ್ಥವಿಲ್ಲ. ಅದಕ್ಕೇ ಮೊದಲು ನಿನ್ನಪ್ಪನ ಮಗ್ಗವನ್ನೇ ಸರಿಯಾಗಿ ನೋಡೋಣ.

1904ರಲ್ಲಿ ವಿಠ್ಠಲರಾವ್ ದಾತಾರರು, ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲದಿಂದ, ಇಚಲಕರಂಜಿಗೆ ಮೊದಲ ಯಂತ್ರಮಗ್ಗ ತಂದರು. ಅಲ್ಲಿಂದ ಬೆಳೆದ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು. ಆ ಸದ್ದಿನ ನಡುವೆ ಒಬ್ಬ ಕೆಲಸಗಾರ ಹಲವು ಮಗ್ಗಗಳನ್ನು ಹೇಗೆ ನಡೆಸುತ್ತಾನೆ? ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ನಿಂತಿತೆಂದರೆ ಅದು ಕರೆಯಿತೆಂದೇ ಲೆಕ್ಕ. ಹಾಸಿನ ನೂಲು ಕಡಿದರೆ ಸಾದಾ ಮಗ್ಗ ನಿಲ್ಲುವುದಿಲ್ಲ. ಅಲ್ಲಿ ಕಣ್ಣೇ ಕಾವಲು. ಕಂಡಿಕೆ ಮುಗಿಯುವ ಹೊತ್ತನ್ನು ಕೈ ಬಲ್ಲದು. ವರ್ಷಗಟ್ಟಲೆ ಮಾಡಿ ಮಾಡಿ ಇಷ್ಟೆಲ್ಲ ರೂಢಿಯಾಗಿರುವುದರಿಂದ, ಮನಸ್ಸನ್ನು ಎಲ್ಲೂ ನೆಡದೆ ನಿನ್ನಪ್ಪ ಸಾಲಿನ ನಡುವೆ ಓಡಾಡಿಕೊಂಡಿರಬಲ್ಲರು.

ಈಗ ಒಂದು ಮಗ್ಗದಲ್ಲಿ ಹಾಸಿನ ಎಳೆ ಕಡಿಯಿತೆನ್ನು. ಆಗ ಅವರನ್ನು ನೋಡಿದ್ದೀಯಾ? ಮಗ್ಗ ನಿಲ್ಲಿಸಿ, ಬಗ್ಗಿ, ಕಡಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸಂದಿನಲ್ಲಿ ಪೋಣಿಸುವ ತನಕ ಉಳಿದ ಏಳು ಮಗ್ಗ ಅವರ ಪಾಲಿಗೆ ಇರುವುದಿಲ್ಲ. ಎರಡು ಕೈಯೂ ಅಲ್ಲೇ, ಎರಡು ಕಣ್ಣೂ ಅಲ್ಲೇ. ಎಂಟು ಮಗ್ಗಗಳನ್ನು ಕಾಯಬಹುದು. ಎರಡು ಗಂಟು ಒಟ್ಟಿಗೆ ಹಾಕಲಾಗದು. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗದ ಹಿಕಮತ್ತೂ ಇದೇ: ಎಳೆ ಕಡಿದರೆ ಮಗ್ಗ ತಾನೇ ನಿಲ್ಲಬೇಕು, ಸರಿಯಿದ್ದಾಗ ಮನುಷ್ಯನನ್ನು ಕಾಡಬಾರದು. ಅದರಿಂದ ಒಬ್ಬ ಕೆಲಸಗಾರ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು.

ನಿನ್ನ ಮೊಬೈಲಿಗೆ ಈ ಶಿಸ್ತಿಲ್ಲ. ಏನೂ ಕಡಿಯದಿದ್ದಾಗಲೂ ಅದು ಕರೆಯುತ್ತದೆ. ಯಾರೋ ಫೋಟೊ ಹಾಕಿದರು, ಯಾರೋ ಹೆಬ್ಬೆರಳು ಎತ್ತಿದರು, ಯಾವುದೋ ಅಂಗಡಿಯಲ್ಲಿ ಸೇಲ್ ಬಂತು. ಈ ಆ್ಯಪುಗಳನ್ನು ಮಾಡಿದವರಿಗೆ ನೀನು ಎಷ್ಟು ಹೊತ್ತು ಪರದೆಯ ಮುಂದಿರುತ್ತೀ ಎಂಬುದರ ಮೇಲೆ ಆದಾಯ. ಇನ್ನು ನಿನ್ನ ಓದು ಇದೆಯಲ್ಲ, ಅದು ಮಗ್ಗ ಕಾಯುವ ಜಾತಿಯ ಕೆಲಸವಲ್ಲ. ಹೊಸ ಪ್ರಮೇಯ ಅರ್ಥ ಮಾಡಿಕೊಳ್ಳುವುದು, ಭೌತಶಾಸ್ತ್ರದ ಲೆಕ್ಕ ಬಿಡಿಸುವುದು, ಸ್ವಂತ ವಾಕ್ಯದಲ್ಲಿ ಉತ್ತರ ಬರೆಯುವುದು ಎಲ್ಲವೂ ಗಂಟು ಹಾಕುವ ಕೆಲಸಗಳು. ಅಪ್ಪನ ಉದಾಹರಣೆಯನ್ನು ನೀನು ನಿನ್ನ ಪರವಾಗಿ ತಂದೆ. ಸಾಕ್ಷಿ ಮಾತ್ರ ಎದುರು ಪಕ್ಷಕ್ಕೆ ಹೋಯಿತು.

ಇದು ಬರೀ ಹಿರಿಯರ ಗೊಣಗಾಟವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓಫಿರ್, ನ್ಯಾಸ್, ವ್ಯಾಗ್ನರ್ ಎಂಬ ಮೂವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಕಕಾಲಕ್ಕೆ ಹಲವು ಮಾಧ್ಯಮಗಳಲ್ಲಿ ಮುಳುಗಿರುವವರು ಬೇಡದ್ದನ್ನು ಬದಿಗೆ ತಳ್ಳುವುದರಲ್ಲಿ ಹಿಂದೆ ಬಿದ್ದಿದ್ದರು. ಆಶ್ಚರ್ಯವೆಂದರೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರಲ್ಲೂ ಅವರೇ ನಿಧಾನ. ಈ ಅಭ್ಯಾಸದಿಂದ ಹಾಗಾಯಿತೋ, ಹಾಗಿದ್ದವರೇ ಈ ಅಭ್ಯಾಸಕ್ಕೆ ಬಿದ್ದರೋ ಎಂಬುದು ಬೇರೆ ಮಾತು. ಹೆಚ್ಚು ಹೊರಳಾಡಿದರೆ ಹೊರಳುವ ಕಲೆ ಬರುತ್ತದೆ ಎಂಬ ನಂಬಿಕೆಗಂತೂ ಅಲ್ಲಿ ಆಧಾರ ಸಿಗಲಿಲ್ಲ. ಅದೇ ವರ್ಷ ಸೋಫಿ ಲೆರಾಯ್ ಎಂಬ ಸಂಶೋಧಕಿ ಇನ್ನೊಂದನ್ನು ತೋರಿಸಿದರು. ಅರ್ಧಕ್ಕೆ ಬಿಟ್ಟ ಕೆಲಸದ ಶೇಷ ಮನಸ್ಸಿನಲ್ಲಿ ಉಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆ. ಗೆಳತಿಯ ಮೆಸೇಜಿಗೆ ಉತ್ತರಿಸಲು ನಿನಗೆ ಅರ್ಧ ನಿಮಿಷ ಸಾಕು. ಅದು ತಲೆಯಿಂದ ಇಳಿಯಲು ಅರ್ಧ ನಿಮಿಷ ಸಾಲದು.

‘ಹಾಗಾದರೆ ಅವಧಾನಿಗಳು?’ ಎಂದು ನೀನು ಕೇಳಿಯೇ ಕೇಳುತ್ತೀ. ಕೇಳಬೇಕು ಕೂಡ. ಅಷ್ಟಾವಧಾನದಲ್ಲಿ ಅವಧಾನಿಯ ಎದುರು ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕೂತಿರುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ಅಕ್ಷರಕ್ಕೆ ಅಕ್ಷರ ನಿಷೇಧ ಹಾಕುತ್ತಾರೆ, ಒಬ್ಬರು ನಡುನಡುವೆ ಅಂಕಿ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ಅವಧಾನಿಯ ಲಕ್ಷ್ಯ ಕೆಡಿಸುವುದೇ. ನೋಟಿಫಿಕೇಶನ್ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಅದಕ್ಕೊಂದು ಕುರ್ಚಿ ಹಾಕಿ ಕೂರಿಸಿದ್ದರು ನೋಡು! ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿದರು.

ಆದರೆ ಅವಧಾನದ ವ್ಯವಸ್ಥೆಯನ್ನು ಗಮನಿಸು. ಪೃಚ್ಛಕರು ಸರದಿಯಲ್ಲಿ ಬರುತ್ತಾರೆ. ಒಂದೊಂದು ಸುತ್ತಿನಲ್ಲಿ ಪದ್ಯದ ಒಂದೊಂದು ಪಾದ. ಒಬ್ಬರಿಗೆ ಉತ್ತರಿಸುವಾಗ ಅವಧಾನಿಯ ಬುದ್ಧಿ ಪೂರ್ತಿ ಅವರ ಪಾಲು. ಪಾದವನ್ನು ಮುಗಿಸಿ, ನೆನಪಿನಲ್ಲಿ ಭದ್ರವಾಗಿಟ್ಟು, ಆಮೇಲೆ ಮುಂದಿನವರ ಕಡೆಗೆ. ಅಪ್ರಸ್ತುತ ಪ್ರಸಂಗಿಗೆ ಒಂದು ಚುಟುಕು ಮಾತು ಕೊಟ್ಟು ಮರಳಿ ಸ್ವಸ್ಥಾನಕ್ಕೆ. ಇದು ಸಾಧ್ಯವಾಗುವುದು ಛಂದಸ್ಸು ಉಸಿರಿನಷ್ಟು ರೂಢಿಯಾದವರಿಗೆ; ಆ ರೂಢಿ ಬಂದದ್ದು ಒಂದೊಂದನ್ನೇ ಹಿಡಿದು ಸಾಧಿಸಿದ್ದರಿಂದ. ಅವಧಾನಿಯ ಬಾಹುಳ್ಯ ಅವರ ಏಕಾಗ್ರತೆಯ ಫಲ. ಫಲವನ್ನು ನೋಡಿ ಗಿಡ ನೆಡುವುದನ್ನು ಮರೆಯಬೇಡ.

ನೀನಿರುವ ಊರಿನಲ್ಲೇ ಇಂಥ ಸಾಧನೆ ನಡೆದಿದೆ. ನಿಮ್ಮೂರಿಗೆ ದೂರವಲ್ಲದ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಕನ್ನಡ, ಮರಾಠಿ, ಸಂಸ್ಕೃತ, ಪ್ರಾಕೃತ, ಇಂಗ್ಲಿಷ್ ಅವರಿಗೆ ಒಟ್ಟಿಗೇ ಬೇಕಾಗಿದ್ದವು. ಬೆಳಗಿನಿಂದ ಸಂಜೆವರೆಗೆ ಭಾಷೆಯಿಂದ ಭಾಷೆಗೆ ದಾಟುವ ಬದುಕು. ಆದರೆ ದಾಟಿದ್ದೆಲ್ಲ ಒಂದೇ ಕೆಲಸದೊಳಗೆ. ಹಸ್ತಪ್ರತಿಗಳ ಪಾಠಭೇದ ಹೋಲಿಸುತ್ತ 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಸಂಪಾದಿಸಿ ಕೊಟ್ಟರು. ಕ್ರಿ.ಶ. 779ರ ಪ್ರಾಕೃತ ಕೃತಿ ‘ಕುವಲಯಮಾಲಾ’ದ ಮೊದಲ ಭಾಗ 1959ರಲ್ಲಿ, ಎರಡನೆಯದು 1970ರಲ್ಲಿ ಬಂತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಮತ್ತು ಉತ್ತರ ಕರ್ನಾಟಕದ ಶಾಸನಗಳನ್ನು ಓದಿ 1939ರಲ್ಲಿ ಪ್ರಕಟಿಸಿದರು. ಸವೆದ ಅಕ್ಷರ ಓದಬೇಕಾದರೆ ಕಲ್ಲಿನ ಮುಂದೆ ಕೂರಲೇಬೇಕು; ಬೇರೆ ಉಪಾಯವಿಲ್ಲ.

ಇದನ್ನು ಹೇಳಲು ಕಾರಣವಿದೆ. ಗಡಿಯ ಮಕ್ಕಳಾದ ನಮಗೆ ಹೊರಳಾಟ ಹುಟ್ಟಿನಿಂದ ಬಂದದ್ದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಪರೀಕ್ಷೆಯಲ್ಲಿ ಇಂಗ್ಲಿಷ್. ನಮ್ಮ ಗಡಹಿಂಗ್ಲಜದ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಒಂದೇ ಉಸಿರಿನಲ್ಲಿ ಎರಡು ಭಾಷೆಯಲ್ಲಿ ದರ ಹೇಳಿ ಚೌಕಾಸಿ ಮಾಡುತ್ತಾಳೆ. ಮಾತು ಬದಲಾದರೂ ಅವಳ ಲಕ್ಷ್ಯ ತಕ್ಕಡಿ ಬಿಡುವುದಿಲ್ಲ. ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ನಿನ್ನ ಚುರುಕನ್ನು ಚಂಚಲತೆ ಎಂದು ಯಾರಾದರೂ ಅಂದರೆ ನಂಬಬೇಡ. ಆ ಶಕ್ತಿಯನ್ನು ಒಂದು ವಿಷಯದೊಳಗೆ ಖರ್ಚು ಮಾಡುತ್ತೀಯೋ, ಹತ್ತು ಕಿಟಕಿಗಳಿಗೆ ಚೆಲ್ಲುತ್ತೀಯೋ ಎಂಬುದಷ್ಟೇ ಪ್ರಶ್ನೆ.

ಇನ್ನು ಜಾಗದ ಮಾತು. ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಒಂದರ ಹಿಂದೊಂದು ವಿದ್ಯಾರ್ಥಿ ವಸತಿಗೃಹಗಳಿಗೆ ಆಸರೆಯಾದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ದಲಿತರಿಗೆ. ಬಡವರ ಮಕ್ಕಳಿಗೆ ಊಟ, ಸೂರಿನ ಜೊತೆ ಅದರಿಂದ ಸಿಕ್ಕ ದೊಡ್ಡ ವಸ್ತು ಓದಲು ಬಿಡುವು. ಹೊಲ, ದನ, ಅಂಗಡಿ ಯಾವುದೂ ಅಲ್ಲಿ ಕೂಗಿ ಕರೆಯುವಂತಿರಲಿಲ್ಲ. ಇಂದು ಇಡೀ ಪೇಟೆಯೇ ನಿನ್ನ ದಿಂಬಿನ ಕೆಳಗೆ ಮಲಗಿದೆ. ಆದ್ದರಿಂದಲೇ ಊರೂರಲ್ಲಿ ಅಭ್ಯಾಸಿಕೆಗಳು ಹುಟ್ಟಿವೆ. ಓದಲು ಒಂದು ಮೂಲೆ ಸಿಗಲೆಂದು ಮಕ್ಕಳು ತಿಂಗಳಿಗೆ ಹಣ ಕಟ್ಟುತ್ತಾರೆ. ಕೊಲ್ಹಾಪುರದಲ್ಲಿ 1850ರಿಂದ ಇರುವ ಕರವೀರ ನಗರ ವಾಚನ ಮಂದಿರದ ಕಡೆಗೂ ಒಮ್ಮೆ ಹೋಗಿ ಬಾ.

ಪಕ್ಕದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿ 2022ರಲ್ಲಿ ಒಂದು ನಿರ್ಧಾರ ಮಾಡಿತು. ಸಂಜೆ 7ಕ್ಕೆ ಗುಡಿಯಿಂದ ಸೈರನ್, ಒಂದೂವರೆ ಗಂಟೆ ಮನೆಮನೆಯ ಟಿವಿ, ಮೊಬೈಲ್ ಬಂದ್, ಮಕ್ಕಳು ಓದಿಗೆ. 2024ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿಯ ಹಲಗಾದಲ್ಲೂ ಸಂಜೆ ಸೈರನ್ ಕೂಗತೊಡಗಿತು. ಈ ಊರುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಮಕ್ಕಳಿಗೆ ಮಾತ್ರ ನಿಯಮ ಹೇರದೆ ದೊಡ್ಡವರೂ ಟಿವಿ ಆರಿಸಿದರು. ಮೊಬೈಲನ್ನು ಪೂರ್ತಿ ಬಹಿಷ್ಕರಿಸದೆ ಅದಕ್ಕೆ ಹೊತ್ತು ಗೊತ್ತು ಮಾಡಿದರು. ನಿಮ್ಮ ವಸತಿಗೃಹದಲ್ಲಿ ಸೈರನ್ ಕೂಗುವವರಿಲ್ಲ. ನಾಲ್ಕು ಗೆಳತಿಯರು ಕೂಡಿ ಒಂದು ಹೊತ್ತು ಗೊತ್ತು ಮಾಡಿಕೊಂಡರೆ ಅದೇ ಸೈರನ್.

ಈಗ ನಿನ್ನ ಕೈಯಿಂದ ಆಗುವಂಥ ಕೆಲವು ಮಾತು. ನಾಳಿನ ಕೆಲಸಗಳನ್ನು ರಾತ್ರಿಯೇ ಎರಡು ಪಟ್ಟಿ ಮಾಡು: ಕಾಯುವ ಕೆಲಸ, ಗಂಟು ಹಾಕುವ ಕೆಲಸ. ಬಟ್ಟೆ ಒಗೆಯುತ್ತ ಹಾಡು ಕೇಳು, ಅಡುಗೆಗೆ ಕೈ ಹಾಕುತ್ತ ಹಳೆಯ ಪಾಠ ಮತ್ತೆ ಕೇಳು, ಬಸ್ಸಿನಲ್ಲಿ ಮೆಸೇಜುಗಳಿಗೆ ಉತ್ತರ ಬರೆ. ಇವು ಜೊತೆಯಾಗಿ ನಡೆಯುತ್ತವೆ, ನಡೆಯಲಿ. ಆದರೆ ಮಾತಿನ ಎರಡು ಕೆಲಸ ಒಟ್ಟಿಗೆ ಬೇಡ. ಓದುತ್ತ ಚಾಟ್ ಮಾಡಿದರೆ ಎರಡಕ್ಕೂ ಬೇಕಾದದ್ದು ಅದೇ ಒಂದು ಬುದ್ಧಿ. ವಿಡಿಯೊ ಪಾಠವನ್ನು ಮೊದಲೇ ಇಳಿಸಿಕೊಂಡು, ಇಂಟರ್‌ನೆಟ್ ಆರಿಸಿ ನೋಡು. ನಡುವೆ ನಿಲ್ಲಿಸಿ ಕೇಳಿದ್ದನ್ನು ನಿನ್ನ ಮಾತಿನಲ್ಲಿ ಕೈಯಿಂದ ಬರೆ. ಪಾಠ ಮುಗಿದ ಮೇಲೆ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮನೆಯ ಕರೆಯೊಂದನ್ನು ಬಿಟ್ಟು ಉಳಿದೆಲ್ಲ ಸದ್ದು ಆರಿಸು. ಎಳೆ ಕಡಿದರೆ ಮನೆಯವರು ಕರೆದೇ ಕರೆಯುತ್ತಾರೆ. ಓದುವಾಗ ಏನೋ ಹುಡುಕಬೇಕೆಂದು ನೆನಪಾದರೆ ಬದಿಯ ಹಾಳೆಯಲ್ಲಿ ಗುರುತು ಹಾಕಿಟ್ಟು ಮುಂದುವರಿ. ಎದ್ದು ಹೋಗಲೇಬೇಕಾಗಿ ಬಂದರೆ, ಎಲ್ಲಿ ನಿಂತೆ, ಮರಳಿ ಬಂದು ಮೊದಲು ಏನು ಮಾಡಬೇಕು ಎಂದು ಒಂದು ಸಾಲು ಬರೆದು ಏಳು. 2018ರಲ್ಲಿ ಅದೇ ಸೋಫಿ ಲೆರಾಯ್, ಥೆರೆಸಾ ಗ್ಲಾಂಬ್ ಜೊತೆ ಮಾಡಿದ ಅಧ್ಯಯನದಲ್ಲಿ ಇಂಥ ಒಂದು ಸಣ್ಣ ಟಿಪ್ಪಣಿಯಿಂದ ಮನಸ್ಸಿನ ಶೇಷ ಕಡಿಮೆಯಾದದ್ದು ಕಂಡಿತು.

ಮೊದಲ ದಿನವೇ ಎರಡು ತಾಸು ಕೂರುವ ಹಟ ಬೇಡ. ಇಪ್ಪತ್ತೈದು ನಿಮಿಷ ಸಾಕು, ಐದು ನಿಮಿಷ ಎದ್ದು ಓಡಾಡು. ಅದು ಸಲೀಸಾದ ಮೇಲೆ ಹೊತ್ತು ಬೆಳೆಸು. ಬೇಸರ ಬರುತ್ತದೆ, ಬರಲಿ. ಕಷ್ಟದ ಪುಟದ ಮುಂದೆ ಬರುವ ಬೇಸರದಿಂದ ತಪ್ಪಿಸಿಕೊಳ್ಳಲೆಂದೇ ಕೈ ಮೊಬೈಲಿಗೆ ಹೋಗುತ್ತದೆ. ಆ ಬೇಸರವನ್ನು ದಾಟಿದವರಿಗೆ ಮಾತ್ರ ಪುಟ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಯಾವ ಆ್ಯಪೂ ಇಲ್ಲ.

ನಿನ್ನ ತಕರಾರಿಗೆ ನನ್ನ ತೀರ್ಪು ಇಷ್ಟು: ಹಲವು ಕೆಲಸ ಮಾಡು, ತಪ್ಪೇನಿಲ್ಲ. ಆದರೆ ಯಾವುದು ಯಾವಾಗ ನಿನ್ನನ್ನು ಕರೆಯಬೇಕು ಎಂಬ ಯಜಮಾನಿಕೆ ನಿನ್ನ ಕೈಯಲ್ಲಿರಲಿ, ಮೊಬೈಲಿಗೆ ಬಿಟ್ಟುಕೊಡಬೇಡ. ಒಂದು ತಿಂಗಳು ಹೀಗೆ ನಡೆಸಿ ನೋಡು. ಯಾವುದು ಹೊಂದಿತು, ಯಾವುದು ಹೊಂದಲಿಲ್ಲ ಎಂದು ಕನ್ನಡದಲ್ಲೇ ಎರಡು ಪುಟ ಬರೆದು ಕಳಿಸು. ಒಪ್ಪದಿದ್ದರೆ ಮತ್ತೆ ತಕರಾರು ತೆಗೆ, ಉತ್ತರ ಬರೆಯುತ್ತೇನೆ.

ನಿನ್ನ ಹಿತೈಷಿ,
ಗಡಹಿಂಗ್ಲಜದ ಮಾಸ್ತರ