ಪ್ಲಗ್ ಹೇಳುವ ಮಾತು: ಎರಡು ಸಿಲಿಂಡರ್ ಗಾಡಿಯ ಒಂದು ಪಾಠ



ನಿಮ್ಮಲ್ಲಿ ಕೆಲವರು ಶನಿವಾರ ಶಾಲೆಯ ಹೊರಗೆ ನಿಂತಿರುವ ನಮ್ಮ ಹಳೇ ಬೈಕನ್ನು ನೋಡಿದ್ದೀರಿ. "ಅಂಕಲ್, ಇದಕ್ಕೆ ಎರಡೂ ಕಡೆ ಕಿವಿ ಯಾಕೆ?" ಅಂತ ಒಬ್ಬ ಪುಟ್ಟ ಕೇಳಿದ್ದ. ಅವು ಕಿವಿಗಳಲ್ಲ, ಸಿಲಿಂಡರುಗಳು. ಇದು ಬಿಎಂಡಬ್ಲ್ಯೂ ಆರ್80, 1980ರ ದಶಕದ ಗಾಡಿ. ಎಡಕ್ಕೊಂದು, ಬಲಕ್ಕೊಂದು ಸಿಲಿಂಡರ್ ಮಲಗಿಸಿಟ್ಟ ಈ ಬಗೆಯ ಎಂಜಿನ್ನಿಗೆ ಬಾಕ್ಸರ್ ಅನ್ನುತ್ತಾರೆ. ಈ ಕಂಪನಿಯ ಮೊದಲ ಬೈಕು, 1923ರ ಆರ್32, ಅದಕ್ಕೂ ಇಂಥದೇ ಎಂಜಿನ್.

ಊರಿನಲ್ಲಿ ನಿಮ್ಮ ತಾತ ಓಡಿಸುತ್ತಿದ್ದ ಮೈಸೂರಿನ ಜಾವಾ ಅಥವಾ ಯಜ್ಡಿಗೆ ಎರಡು ಸೈಲೆನ್ಸರ್ ಇರುತ್ತಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಸಿಲಿಂಡರ್ ಒಂದೇ, ಪ್ಲಗ್ಗೂ ಒಂದೇ! ನಮ್ಮ ಗಾಡಿಗೆ ಪ್ಲಗ್ ಎರಡು. ಎರಡಿದ್ದರೆ ಒಂದು ಲಾಭ ಇದೆ, ಅದೇ ಇವತ್ತಿನ ಪಾಠ.

ಪ್ಲಗ್ ಮಾಡುವ ಕೆಲಸ

ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಿ ಕೂತಿರುತ್ತದೆ. ಪ್ಲಗ್ ಒಂದು ಕಿಡಿ ಹಾರಿಸಿ ಅದಕ್ಕೆ ಬೆಂಕಿ ಹಚ್ಚುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಿಲಿಂಡರಿನಲ್ಲಿ ಒಂದು ಸಲ ಬೆಂಕಿ ಹತ್ತಬೇಕು. ಲೆಕ್ಕ ಹಾಕಿ: ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರಿನಲ್ಲೂ 1500 ಸಲ, ಅಂದರೆ ಸೆಕೆಂಡಿಗೆ 25 ಸಲ!

ಪ್ಲಗ್ಗಿನ ತುದಿಯಲ್ಲಿ ಬಿಳಿ ಪಿಂಗಾಣಿಯ ಮೂಗು ಕಾಣುತ್ತದೆ. ಆ ಮೂಗಿನ ಬಿಸಿ ಸುಮಾರು 450 ಡಿಗ್ರಿಗಿಂತ ಕಡಿಮೆಯಾದರೆ ಮಸಿ ಸುಟ್ಟುಹೋಗದೆ ಹಾಗೇ ಕೂರುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ಕಿಡಿ ಬರುವ ಮೊದಲೇ ಆ ಬಿಸಿಗೆ ಪೆಟ್ರೋಲ್ ಹೊತ್ತಿಕೊಳ್ಳಬಹುದು. ಆಗ ಪಿಸ್ಟನ್ನಿಗೇ ಅಪಾಯ.

ಬಿಸಿ ಪ್ಲಗ್, ತಣ್ಣನೆ ಪ್ಲಗ್

ಪಿಂಗಾಣಿಯ ಮೂಗು ಉದ್ದ ಇದ್ದರೆ ಬಿಸಿ ಹೊರಗೆ ಹೋಗಲು ದೂರದ ದಾರಿ. ಹಾಗಾಗಿ ತುದಿ ಬಿಸಿಯಾಗೇ ಇರುತ್ತದೆ. ಇದು ಬಿಸಿ ಪ್ಲಗ್. ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಹೊರಟುಹೋಗುತ್ತದೆ. ಇದು ತಣ್ಣನೆ ಪ್ಲಗ್. ರೇಸಿನ ಎಂಜಿನ್ನಿಗೆ ತಣ್ಣನೆಯದು, ನಿಧಾನದ ಸಾಧು ಎಂಜಿನ್ನಿಗೆ ಬಿಸಿಯದು. ಒಂದು ಮಾತು ನೆನಪಿಡಿ: ಬಿಸಿ ಪ್ಲಗ್ ಅಂದರೆ ಕಿಡಿ ಜೋರು ಅಂತ ಅಲ್ಲ.

ನಾನು ಮಾಡಿದ ತಪ್ಪು

ನಮ್ಮ ಗಾಡಿಗೆ ಬಾಷ್ ಕಂಪನಿಯ ಡಬ್ಲ್ಯೂ7ಡಿಸಿ ಪ್ಲಗ್ ಹಾಕುತ್ತೇನೆ. ಹೋದ ವರ್ಷ ಅಂಗಡಿಯಲ್ಲಿ ಅದು ಇರಲಿಲ್ಲ. ಜಪಾನಿನ ಎನ್‌ಜಿಕೆ ಪ್ಲಗ್ ಇತ್ತು. "ಏಳಕ್ಕೆ ಏಳು ಸರಿ ಹೋಗುತ್ತೆ" ಅಂದುಕೊಂಡು ಬಿಪಿ7ಇಎಸ್ ತಂದು ಹಾಕಿದೆ. ಚಳಿಗಾಲ, ಮನೆಯಿಂದ ಆಫೀಸಿಗೆ ಬರೀ ನಾಲ್ಕು ಕಿಲೋಮೀಟರ್. ತಿಂಗಳೊಳಗೆ ಗಾಡಿ ಮಿಸ್ಸಿಂಗ್ ಹೊಡೆಯಲು ಶುರು. ಬಿಚ್ಚಿ ನೋಡಿದರೆ ಎರಡೂ ಪ್ಲಗ್ ಕಾಡಿಗೆಯ ಹಾಗೆ ಕಪ್ಪು.

ವಿಷಯ ಏನೆಂದರೆ, ಬಾಷ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ಬಿಸಿ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ತಣ್ಣಗೆ. ಪೂರ್ತಿ ಉಲ್ಟಾ! ಹೀಗೆ ನೋಡಿ:

ಬಾಷ್ 5 = ಎನ್‌ಜಿಕೆ 8
ಬಾಷ್ 6 = ಎನ್‌ಜಿಕೆ 7
ಬಾಷ್ 7 = ಎನ್‌ಜಿಕೆ 6
ಬಾಷ್ 8 = ಎನ್‌ಜಿಕೆ 5

ಈ ನಾಲ್ಕರಲ್ಲೂ ಎರಡು ಅಂಕಿ ಕೂಡಿಸಿದರೆ 13 ಬರುತ್ತದೆ, ಗಮನಿಸಿದಿರಾ? ಆದರೆ ಎಲ್ಲ ಪ್ಲಗ್ಗಿಗೂ ಈ ಲೆಕ್ಕ ನಂಬಬೇಡಿ, ಕಂಪನಿಯ ಪಟ್ಟಿ ನೋಡಿಯೇ ಕೊಳ್ಳಬೇಕು. ನಾನು ತರಬೇಕಾಗಿದ್ದದ್ದು ಬಿಪಿ6ಇಎಸ್.

ಅಕ್ಷರಗಳಿಗೂ ಅರ್ಥ ಇದೆ. ಬಿ ಅಂದರೆ 14 ಮಿಲಿಮೀಟರ್ ದಪ್ಪದ ಮರೆ. ಪಿ ಅಂದರೆ ಮೂಗು ಮುಂದಕ್ಕೆ ಚಾಚಿದೆ. ಇ ಅಂದರೆ ಮರೆಯ ಉದ್ದ 19 ಮಿಲಿಮೀಟರ್. ಈ ಉದ್ದ ತಪ್ಪಲೇಬಾರದು. ಗಿಡ್ಡವಾದರೆ ಖಾಲಿ ಉಳಿದ ಮರೆಯಲ್ಲಿ ಮಸಿ ತುಂಬುತ್ತದೆ, ಉದ್ದವಾದರೆ ಒಳಗೆ ಪಿಸ್ಟನ್ನಿಗೋ ವಾಲ್ವಿಗೋ ಬಡಿಯಬಹುದು.

ಬಣ್ಣ ಓದುವುದು

ತಿಳಿ ಕಂದು, ಹಾಲು ಹೆಚ್ಚು ಹಾಕಿದ ಕಾಫಿಯ ಬಣ್ಣ: ಎಲ್ಲ ಸರಿ ಇದೆ.
ಒಣ ಕಪ್ಪು ಮಸಿ: ಪೆಟ್ರೋಲ್ ಜಾಸ್ತಿ, ಅಥವಾ ಪ್ಲಗ್ ತೀರಾ ತಣ್ಣನೆಯದು.
ಒದ್ದೆ, ಎಣ್ಣೆ ಜಿಡ್ಡು: ಎಂಜಿನ್ ಆಯಿಲ್ ಒಳಗೆ ಬರುತ್ತಿದೆ.
ಸುಣ್ಣದಂತೆ ಬಿಳಿ, ಸಣ್ಣ ಗುಳ್ಳೆಗಳು: ಬಿಸಿ ಮಿತಿಮೀರಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಇರಬಹುದು.

ನಿಂತಲ್ಲೇ ಎಂಜಿನ್ ಓಡಿಸಿ ಪ್ಲಗ್ ಬಿಚ್ಚಿದರೆ ಬಣ್ಣ ಸುಳ್ಳು ಹೇಳುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಆರಿದ ಮೇಲೆ ನೋಡಬೇಕು.

ಪುಟ್ಟಿಯ ಉಪಾಯ

ಸರಿಯಾದ ಪ್ಲಗ್ ಹಾಕಿದ್ದಾಯಿತು. ವಸಂತ ಬಂತು. ಮಗಳನ್ನು ಹಿಂದೆ ಕೂರಿಸಿಕೊಂಡು ಬೆಟ್ಟದ ಕಡೆ ಹೋಗುವ ಪ್ಲಾನ್ ಇತ್ತು. ಹಿಂದಿನ ದಿನ ಪ್ಲಗ್ ನೋಡಿದೆವು. ಬಲಗಡೆಯದು ಕಾಫಿ ಬಣ್ಣ. ಎಡಗಡೆಯದು ಸುಣ್ಣದ ಬಿಳಿ.

"ಈ ಪ್ಲಗ್ಗೇ ಸರಿಯಿಲ್ಲ, ಹೊಸದು ಹಾಕಿದರಾಯ್ತು" ಅಂದೆ.

"ಅಪ್ಪಾ, ಅದು ಹೇಗೆ ಗೊತ್ತು? ಎರಡನ್ನೂ ಅದಲು ಬದಲು ಮಾಡಿ ನೋಡೋಣ. ಪ್ಲಗ್ ಕೆಟ್ಟಿದ್ರೆ ಬಿಳಿ ಬಣ್ಣ ಅದರ ಜೊತೆ ಬಲಗಡೆಗೆ ಹೋಗ್ಬೇಕಲ್ವಾ?" ಅಂದಳು ಪುಟ್ಟಿ.

ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಎರಡನ್ನೂ ಒರೆಸಿ, ಜಾಗ ಬದಲಿಸಿ, ನಾನೊಬ್ಬನೇ ನಿಧಾನವಾಗಿ ಅದೇ ರಸ್ತೆಯಲ್ಲಿ ಓಡಿಸಿ ಬಂದೆ. ಬಿಚ್ಚಿದರೆ ಈಗಲೂ ಎಡಗಡೆಯೇ ಬಿಳಿ! ಅಂದರೆ ತಪ್ಪು ಪ್ಲಗ್ಗಿನದಲ್ಲ, ಎಡಗಡೆ ಸಿಲಿಂಡರಿನದು. ಈ ಗಾಡಿಯಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಕಾರ್ಬುರೇಟರ್. ಟಾರ್ಚ್ ಹಾಕಿ ಹುಡುಕಿದಾಗ ಎಡಗಡೆ ಕಾರ್ಬುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ತೋಳು ಅಡಿಯಲ್ಲಿ ಸೀಳಿತ್ತು. ಅಲ್ಲಿಂದ ಹೆಚ್ಚಿನ ಗಾಳಿ ಒಳಗೆ ನುಗ್ಗುತ್ತಿತ್ತು.

ಬರೀ ಪ್ಲಗ್ ಬದಲಿಸಿ ಹೊರಟಿದ್ದರೆ? ಬೆಟ್ಟದ ಏರಿನಲ್ಲಿ, ಇಬ್ಬರ ಭಾರ ಹೊತ್ತು, ಆ ಸಿಲಿಂಡರ್ ಇನ್ನೂ ಕಾದು ಪಿಸ್ಟನ್ ಕರಗಬಹುದಿತ್ತು. ಓಡುವಾಗ ಎಂಜಿನ್ ಹಿಡಿದುಕೊಂಡರೆ ಹಿಂದೆ ಕೂತವಳ ಗತಿ ಏನು? ಪ್ರವಾಸ ಎರಡು ವಾರ ಮುಂದಕ್ಕೆ ಹೋಯಿತು. ಪುಟ್ಟಿ ಮುಖ ಊದಿಸಿಕೊಳ್ಳಲಿಲ್ಲ. ಕಾರಣ ಕಂಡುಹಿಡಿದದ್ದೇ ಅವಳಲ್ಲವೇ! ಹೊಸ ರಬ್ಬರ್ ಹಾಕಿದ ಮೇಲೆ ಎರಡೂ ಕಡೆ ಕಾಫಿ ಬಣ್ಣ ಬಂತು.

ಪ್ಲಗ್ ಹಾಕುವಾಗ (ದೊಡ್ಡವರ ಜೊತೆಯಲ್ಲಿ ಮಾತ್ರ)

ಎಂಜಿನ್ ಪೂರ್ತಿ ಆರಿರಲಿ. ಬಿಸಿಯಲ್ಲಿ ಬಿಚ್ಚಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರಬಹುದು. ಫೀಲರ್ ಗೇಜಿನಲ್ಲಿ ಸಂದು ಅಳೆಯಿರಿ, ನಮ್ಮ ಗಾಡಿಗೆ 0.7 ಮಿಲಿಮೀಟರ್. ಮೊದಲು ಕೈಯಲ್ಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ. ಇಂಥ ವಾಷರ್ ಇರುವ ಹೊಸ ಪ್ಲಗ್ಗಾದರೆ ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗಿಂತ ಕಡಿಮೆ ಸಾಕು. ಜೋರು ತೋರಿಸಬೇಡಿ!

ಒಂದು ಸ್ವಾರಸ್ಯ

1902ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ತಯಾರಿಸಿದರು. ಅದೇ ಬಾಷ್ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಲ್ಲಿ ಬೆಳೆಯಿತು. ಅಲ್ಲೂ ಪ್ಲಗ್ ತಯಾರಾಗುತ್ತಿತ್ತು. ಅಜ್ಜಿ ಮನೆಗೆ ಹೋದಾಗ "ಮೈಕೋ ಲೇಔಟ್" ಎಂಬ ಬೋರ್ಡ್ ಕಂಡರೆ ಈ ಪಾಠ ನೆನಪಿಸಿಕೊಳ್ಳಿ.

ಅಭ್ಯಾಸ

1. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ ಎಷ್ಟು ಸಲ ಬೆಂಕಿ ಹತ್ತುತ್ತದೆ?
2. ಬಿಪಿ5ಇಎಸ್ ಮತ್ತು ಬಿಪಿ8ಇಎಸ್, ಇವುಗಳಲ್ಲಿ ಬಿಸಿ ಪ್ಲಗ್ ಯಾವುದು?
3. ಬಲಗಡೆ ಪ್ಲಗ್ ಕಪ್ಪಾಗಿತ್ತು. ಒರೆಸಿ ಅದಲು ಬದಲು ಮಾಡಿ ಓಡಿಸಿದ ಮೇಲೆ ಎಡಗಡೆ ಕಪ್ಪಾಯಿತು. ತಪ್ಪು ಯಾವುದರದ್ದು?
4. ಈ ಭಾನುವಾರ ತಾತನಿಗೆ ಫೋನ್ ಮಾಡಿ, ಅವರ ಮೊದಲ ಗಾಡಿ ಯಾವುದು, ದಾರಿಯಲ್ಲಿ ನಿಂತರೆ ಏನು ಮಾಡುತ್ತಿದ್ದರು ಅಂತ ಕೇಳಿ. ಐದು ವಾಕ್ಯ ಕನ್ನಡದಲ್ಲಿ ಬರೆದು ತನ್ನಿ.

ಉತ್ತರ: 1) 30 ಸಲ. 2) ಬಿಪಿ5ಇಎಸ್. 3) ಪ್ಲಗ್ಗಿನದ್ದು. 4) ಇದರ ಉತ್ತರ ನಿಮ್ಮ ತಾತನ ಹತ್ತಿರ ಇದೆ!