‘ಇಲ್ಲಿ ನೋಡಿ’ ಎಂದ ಮೇಲೆ

ವಿಮ್ ಎಡಿಟರ್‌ನ ಒಂದು ಪ್ಲಗಿನ್‌ಗೆ ಕೈಪಿಡಿ ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಕೋಡ್ ಬರೆಯುವವರು ಬೇರೆ. ಹೊಸ ಸೌಲಭ್ಯ ಬಂದರೆ ಅದರ ವಿವರಣೆ ಬರೆಯುವುದು ಒಂದು ಸಂಜೆಯ ಕೆಲಸ. ತಲೆ ತಿನ್ನುವುದು ‘ಹೆಚ್ಚಿನ ವಿವರಕ್ಕೆ ಇಲ್ಲಿ ನೋಡಿ’ ಎನ್ನುವ ಪುಟ್ಟ ಸಾಲುಗಳು. ಬರೆದ ದಿನ ಅವು ಸರಿಯಾಗಿಯೇ ಇರುತ್ತವೆ. ಆಮೇಲೆ ಯಾರೂ ಮುಟ್ಟದೆಯೇ ಹಾಳಾಗುತ್ತವೆ, ಯಾಕೆಂದರೆ ಅವು ಬೊಟ್ಟು ಮಾಡುವ ಜಾಗವನ್ನು ಇನ್ಯಾರೋ ಮುಟ್ಟಿರುತ್ತಾರೆ.

ವಿಮ್ ಬಳಸದವರಿಗಾಗಿ ಎರಡು ಮಾತು. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಈ ಎಡಿಟರ್‌ನ ಸಹಾಯ ಫೈಲುಗಳೆಲ್ಲ ಬರೀ ಪಠ್ಯ. ಒಂದು ಜಾಗಕ್ಕೆ ಹೆಸರು ಕೊಡಬೇಕಾದರೆ ಆ ಹೆಸರನ್ನು ಎರಡು ನಕ್ಷತ್ರಗಳ ನಡುವೆ ಬರೆದರಾಯಿತು, ಅದೇ ಟ್ಯಾಗ್. ಆ ಜಾಗಕ್ಕೆ ಬೇರೆಲ್ಲಿಂದಲೋ ಲಿಂಕ್ ಕೊಡಲು ಅದೇ ಹೆಸರನ್ನು ಎರಡು ಉದ್ದಗೀಟುಗಳ ನಡುವೆ ಬರೆಯಬೇಕು. ‘ಹೆಲ್ಪ್‌ಟ್ಯಾಗ್ಸ್’ ಎಂಬ ಆದೇಶ ಎಲ್ಲ ಟ್ಯಾಗ್‌ಗಳನ್ನೂ ಹೆಕ್ಕಿ ‘ಟ್ಯಾಗ್ಸ್’ ಎಂಬ ಫೈಲಿಗೆ ಅಕಾರಾದಿಯಾಗಿ ತುಂಬುತ್ತದೆ. ಸಾಲಿಗೊಂದು ಟ್ಯಾಗ್: ಮೊದಲು ಹೆಸರು, ಆಮೇಲೆ ಫೈಲ್, ಕೊನೆಗೆ ಹುಡುಕಬೇಕಾದ ಗುರುತು. ಓದುವವರು ಲಿಂಕಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ] ಒತ್ತಿದರೆ ಅಲ್ಲಿಗೆ ಹೋಗುತ್ತಾರೆ, ಕಂಟ್ರೋಲ್ ಜೊತೆ ಟಿ ಒತ್ತಿದರೆ ಹಿಂದಕ್ಕೆ ಬರುತ್ತಾರೆ.

ಈ ಏರ್ಪಾಡಿನ ಜಾಣತನ ನನಗೆ ಹೊಳೆದದ್ದು ನಿಧಾನವಾಗಿ. ಟ್ಯಾಗ್ ಇರುವುದು ಪಠ್ಯದ ಮೈಮೇಲೆ. ಪ್ಯಾರಾವನ್ನು ಎತ್ತಿ ಬೇರೆ ಅಧ್ಯಾಯಕ್ಕೆ, ಬೇರೆ ಫೈಲಿಗೆ ಹಾಕಿದರೂ ಟ್ಯಾಗ್ ಜೊತೆಗೇ ಹೋಗುತ್ತದೆ. ಟ್ಯಾಗ್ ಪಟ್ಟಿಯನ್ನು ಹೊಸದಾಗಿ ಕಟ್ಟಿಕೊಂಡರೆ ಸಾಕು, ಲಿಂಕ್ ಕೊಟ್ಟವರು ಏನೂ ಮಾಡಬೇಕಿಲ್ಲ.

ಟ್ಯಾಗ್ ಸ್ಥಾನವನ್ನು ಹೇಳತೊಡಗಿದರೆ ಮಾತ್ರ ಈ ಲಾಭ ಕೈತಪ್ಪುತ್ತದೆ. ವಿಮ್‌ನ ಸ್ವಂತ ಬಳಕೆದಾರರ ಕೈಪಿಡಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಅಲ್ಲಿ ಪ್ರತಿ ವಿಭಾಗದ ಸಂಖ್ಯೆಯೂ ಒಂದು ಟ್ಯಾಗ್. ಎಂಟನೇ ಆವೃತ್ತಿಯಲ್ಲಿ ಪ್ಲಗಿನ್ ಬರೆಯುವುದು ಹೇಗೆ ಎಂಬ ವಿಭಾಗ 41.11 ಆಗಿತ್ತು. ಅದಕ್ಕೆ ‘ರೈಟ್-ಪ್ಲಗಿನ್’ ಎಂಬ ಇನ್ನೊಂದು ಟ್ಯಾಗೂ ಇತ್ತು. 2022ರಲ್ಲಿ ಒಂಬತ್ತನೇ ಆವೃತ್ತಿಗಾಗಿ ಸ್ಕ್ರಿಪ್ಟ್ ಅಧ್ಯಾಯವನ್ನು ಒಡೆದು ಬರೆದಾಗ ಆ ವಿಭಾಗ 51ನೇ ಅಧ್ಯಾಯಕ್ಕೆ ಹೋಯಿತು. ‘ರೈಟ್-ಪ್ಲಗಿನ್’ ಎಂದು ಲಿಂಕ್ ಕೊಟ್ಟಿದ್ದವರಿಗೆ ಬದಲಾವಣೆ ಆದದ್ದೇ ಗೊತ್ತಾಗಲಿಲ್ಲ. 41.11 ಎಂದು ಕೊಟ್ಟಿದ್ದವರ ಓದುಗರು ಈಗ ಬೇರೆಯೇ ವಿಷಯದ ಮುಂದೆ ನಿಲ್ಲುತ್ತಾರೆ. ಆ ಕೈಪಿಡಿಯಲ್ಲಿ 12ರ ನಂತರ 20, 32ರ ನಂತರ 40 ಎಂದು ಅಧ್ಯಾಯ ಸಂಖ್ಯೆಗಳ ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ, ಹೊಸ ಅಧ್ಯಾಯ ಬಂದರೆ ಹಳೆಯ ಸಂಖ್ಯೆ ಕದಲುವುದಿಲ್ಲ. ಆದರೆ ಅಧ್ಯಾಯದ ಒಳಗಿನ ವಿಭಾಗಗಳಿಗೆ ಆ ಅನುಕೂಲವಿಲ್ಲ.

ಲಿಂಕ್ ಸತ್ತರೆ ದೋಷಸಂದೇಶ ಬರುತ್ತದಲ್ಲ, ಆಗ ಸರಿಪಡಿಸಿದರಾಯಿತು ಎಂದು ಹಲವರು ಹೇಳುತ್ತಾರೆ. ವಿಮ್‌ನಲ್ಲಿ ಎಷ್ಟೋ ಸಲ ಬರುವುದೇ ಇಲ್ಲ. ಸಹಾಯ ಪುಟದಲ್ಲಿ ಕೇಳಿದ ಹೆಸರು ಹಾಗೇ ಸಿಗದಿದ್ದರೆ ಅದನ್ನು ಒಳಗೊಂಡ, ಅದಕ್ಕೆ ಹತ್ತಿರದ ಇನ್ನೊಂದು ಟ್ಯಾಗಿಗೆ ಅದು ಕರೆದೊಯ್ಯುತ್ತದೆ. ಕೈಯಲ್ಲಿ ಟೈಪ್ ಮಾಡಿ ಹುಡುಕುವವರಿಗೆ ಇದು ದೊಡ್ಡ ಉಪಕಾರ, ಕೈಪಿಡಿ ನೋಡಿಕೊಳ್ಳುವವರಿಗೆ ಉಪದ್ರವ. ನಮ್ಮಲ್ಲಿ ‘ಔಟ್‌ಲೈನ್-ಸಾರ್ಟ್’ ಎಂಬ ಟ್ಯಾಗಿನ ಹೆಸರು ‘ಔಟ್‌ಲೈನ್-ಆರ್ಡರ್’ ಎಂದಾಯಿತು. ಪಕ್ಕದ ‘ಔಟ್‌ಲೈನ್-ಸಾರ್ಟ್-ರಿವರ್ಸ್’ ಹಾಗೇ ಉಳಿಯಿತು. ಹಳೆಯ ಲಿಂಕ್ ಒತ್ತಿದವರು ಸದ್ದಿಲ್ಲದೆ ಈ ಎರಡನೆಯದಕ್ಕೆ ಹೋಗಿ, ಅಲ್ಲಿದ್ದ ಸೆಟ್ಟಿಂಗನ್ನು ನಕಲು ಮಾಡಿಕೊಂಡರು. ‘ನಿಮ್ಮ ಪ್ಲಗಿನ್ ಪಟ್ಟಿಯನ್ನು ತಲೆಕೆಳಗು ಮಾಡುತ್ತದೆ’ ಎಂದು ದೂರು ಬಂತು. ಕೋಡ್ ಬರೆಯುವವರು ಎರಡು ದಿನ ಕೋಡಿನಲ್ಲೇ ತಡಕಾಡಿದರು. ಕೋಡಿನಲ್ಲಿ ಏನೂ ಇರಲಿಲ್ಲ.

ಹಾಗಾಗಿ ಈಗ ಪ್ರತಿ ಬಿಡುಗಡೆಗೆ ಮುನ್ನ ಒಂದು ಚಿಕ್ಕ ಸ್ಕ್ರಿಪ್ಟ್ ಓಡುತ್ತದೆ. ಗೀಟುಗಳ ನಡುವಿನ ಹೆಸರುಗಳನ್ನೆಲ್ಲ ಗ್ರೆಪ್‌ನಿಂದ ಹೆಕ್ಕಿ ವಿಂಗಡಿಸಿ, ಟ್ಯಾಗ್ಸ್ ಫೈಲುಗಳ ಮೊದಲ ಕಾಲಮ್ಮಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ‘ಹತ್ತಿರದ್ದು’ ಎಂಬ ದಾಕ್ಷಿಣ್ಯ ಇಲ್ಲಿಲ್ಲ. ಉದಾಹರಣೆಯಾಗಿ ಕೊಟ್ಟ ಶೆಲ್ ಆದೇಶಗಳಲ್ಲಿನ ಪೈಪ್ ಚಿಹ್ನೆಯನ್ನೂ ಲಿಂಕ್ ಎಂದು ಹಿಡಿದು ಕೊಡುತ್ತದೆ, ಅಂಥವನ್ನು ಬಿಡಿಸುವುದು ಕಷ್ಟವಲ್ಲ. ನಿಯೋವಿಮ್‌ನವರು ಇಂಥ ತಪಾಸಣೆಯನ್ನು ‘ಲಿಂಟ್‌ಡಾಕ್’ ಎಂಬ ಹೆಸರಿನಲ್ಲಿ ತಮ್ಮ ಬಿಲ್ಡ್‌ಗೇ ಸೇರಿಸಿಕೊಂಡಿದ್ದಾರೆ. ಒಂದೇ ಟ್ಯಾಗ್ ಎರಡು ಕಡೆ ಇದ್ದರೆ ಹೆಲ್ಪ್‌ಟ್ಯಾಗ್ಸ್ ತಾನೇ ಇ154 ದೋಷಸಂದೇಶ ಕೊಡುತ್ತದೆ. ಆದರೆ ಅದು ನೋಡುವುದು ಒಂದು ಡೈರೆಕ್ಟರಿಯೊಳಗೆ ಮಾತ್ರ. ಬೇರೆ ಪ್ಲಗಿನ್ ಜೊತೆ ಡಿಕ್ಕಿಯಾಗದಂತೆ ನಮ್ಮ ಪ್ರತಿ ಟ್ಯಾಗಿನ ಮುಂದೆಯೂ ಪ್ಲಗಿನ್‌ನ ಹೆಸರಿದೆ.

ಹೆಸರು ಬದಲಿಸಲೇಬೇಕಾದರೆ ಹಳೆಯ ಟ್ಯಾಗನ್ನೂ ಹೊಸದರ ಪಕ್ಕದಲ್ಲೇ ಉಳಿಸುತ್ತೇವೆ. ಒಂದು ಜಾಗಕ್ಕೆ ಎಷ್ಟು ಟ್ಯಾಗ್ ಬೇಕಾದರೂ ಇರಬಹುದು. ಊರಿನಲ್ಲಿ ಮನೆ ಮಾರಿ ಎಷ್ಟೋ ಕಾಲವಾದರೂ ಶಾನುಭೋಗರ ಮನೆ ಎಂದರೇ ಜನ ದಾರಿ ತೋರಿಸುತ್ತಾರಲ್ಲ, ಹಾಗೆ. ಈಮ್ಯಾಕ್ಸ್‌ನ ಕೈಪಿಡಿ ಬರೆಯುವ ಟೆಕ್ಸ್‌ಇನ್ಫೋದಲ್ಲೂ ‘ಆ್ಯಂಕರ್’ ಆದೇಶದಿಂದ ಹಳೆಯ ಹೆಸರನ್ನು ಹೀಗೆಯೇ ಉಳಿಸಿಕೊಳ್ಳಬಹುದು. ಹಳೆಯ ಟ್ಯಾಗ್‌ಗಳಿಂದ ಪುಟ ಗಲೀಜಾಗುತ್ತದೆ ಎನ್ನುವವರಿದ್ದಾರೆ. ಆಗಲಿ ಬಿಡಿ.

ಸ್ಕ್ರಿಪ್ಟಿಗೆ ಕಾಣುವುದು ಬಾಗಿಲು ಇದೆಯೇ ಇಲ್ಲವೇ ಎಂಬುದಷ್ಟೇ. ವಿಮ್ ಕೈಪಿಡಿಯ ಪ್ರತಿ ಅಧ್ಯಾಯದ ಕೊನೆಗೆ ‘ಮುಂದಿನ ಅಧ್ಯಾಯ’ ಎಂದು ಲಿಂಕ್, ಅದರ ಪಕ್ಕದಲ್ಲಿ ಆ ಅಧ್ಯಾಯದ ಶೀರ್ಷಿಕೆ ಇರುತ್ತದೆ. ಶೀರ್ಷಿಕೆ ಬದಲಾದರೆ ಲಿಂಕ್ ಸರಿಯಾಗಿಯೇ ಓಡುತ್ತದೆ, ಪಕ್ಕದ ಅಕ್ಷರ ಮಾತ್ರ ಹಳೆಯದೇ. ಇದಕ್ಕಿಂತ ಕೆಟ್ಟದ್ದು, ‘ಫೈಲ್ ದೊಡ್ಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದನ್ನು ನೋಡಿ’ ಎಂದು ನಾವು ಕಳಿಸಿದ ವಿಭಾಗದಿಂದ, ದೊಡ್ಡ ಫೈಲಿನ ಆ ಎರಡು ಸಾಲನ್ನೇ ಯಾರೋ ಅನಗತ್ಯ ಎಂದು ತೆಗೆದಿರುವುದು. ಟ್ಯಾಗ್ ಇದೆ, ವಿಭಾಗ ಇದೆ, ಉತ್ತರ ಇಲ್ಲ.

ಇದನ್ನು ಲಿಂಕ್ ಕೊಟ್ಟ ಕಡೆ ಕೂತು ಕಾಯಲಾಗುವುದಿಲ್ಲ, ಕಾಯಬೇಕಾದದ್ದು ಲಿಂಕ್ ತಲುಪುವ ಕಡೆ. ಒಂದು ವಿಭಾಗ ತಿದ್ದುವ ಮೊದಲು ಅದರ ಟ್ಯಾಗನ್ನು ‘ಹೆಲ್ಪ್‌ಗ್ರೆಪ್’ ಆದೇಶಕ್ಕೆ ಕೊಟ್ಟು, ಯಾರ್ಯಾರು ಇಲ್ಲಿಗೆ ಕಳಿಸಿದ್ದಾರೆ ಎಂಬ ಪಟ್ಟಿ ತೆಗೆಯುತ್ತೇನೆ. ಆ ಸಾಲುಗಳನ್ನು ಒಂದೊಂದಾಗಿ ಓದಿದರೆ ಈ ವಿಭಾಗದಿಂದ ಜನ ಏನು ನಿರೀಕ್ಷಿಸುತ್ತಾರೆ ಎಂಬುದು ತಿಳಿಯುತ್ತದೆ. ಹಾಗೆ ಓದುವಾಗ ಕಾಲುಭಾಗ ಲಿಂಕುಗಳು ಬೇಕೇ ಇರಲಿಲ್ಲ ಅನ್ನಿಸುವುದೂ ಉಂಟು. ಒಂದೇ ವಾಕ್ಯದಲ್ಲಿ ಹೇಳಬಹುದಾದ ಉತ್ತರಕ್ಕೆ ಓದುಗರನ್ನು ಇನ್ನೊಂದು ಪುಟಕ್ಕೆ ಅಟ್ಟುವುದು ಬರೆಯುವವರ ಸೋಮಾರಿತನ. ಅಂಥ ಕಡೆ ವಾಕ್ಯ ಬರೆದು ಲಿಂಕ್ ಅಳಿಸುತ್ತೇನೆ.

ವಿಭಾಗ ಸಂಖ್ಯೆಯ ಬಗ್ಗೆ ನಮ್ಮ ಗುಂಪಿನಲ್ಲಿ ಈಚೆಗೆ ಮತ್ತೆ ವಾದ ಎದ್ದಿತು. ಬಳಕೆದಾರರಿಗೆ ಉತ್ತರ ಕೊಡುವ ಗೆಳೆಯರೊಬ್ಬರಿಗೆ ಸಂಖ್ಯೆ ಬೇಕೇ ಬೇಕು. ‘ಫೋನಿನಲ್ಲಿ ಟ್ಯಾಗ್ ಹೆಸರನ್ನು ಅಕ್ಷರ ಬಿಡಿಸಿ ಹೇಳ್ತಾ ಕೂರೋಕಾಗಲ್ಲ, 4.3 ನೋಡಿ ಅಂದ್ರೆ ಮುಗೀತು’ ಎಂದರು. ಮಾತು ನ್ಯಾಯವಾದದ್ದೇ. ಸಂಖ್ಯೆ ಶೀರ್ಷಿಕೆಯಲ್ಲಿ ಇರಲಿ, ನಕ್ಷತ್ರಗಳ ನಡುವೆ ಮಾತ್ರ ಬೇಡ ಎಂಬಲ್ಲಿಗೆ ರಾಜಿಯಾಯಿತು.