ಟಿಕೆಟ್ಟಿನ ಗಂಟೆ, ಮನೆಬಾಗಿಲ ಗಂಟೆ

ನೋಡು ಮಗಾ, ಸೋಗಾನೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಅಂತ ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸೋಕೆ ಹೊರಟಿದ್ದೀಯ. ಆ ಗಂಟೆ ಸುಳ್ಳಲ್ಲ. ಆದರೆ ಅದು ತರೀಕೆರೆಯ ನಮ್ಮ ಕೇರಿಯಲ್ಲಿ ಶುರುವಾಗಿ ನಿನ್ನ ಜಯನಗರದ ಮನೆಯಲ್ಲಿ ಮುಗಿಯೋ ಗಂಟೆ ಅಲ್ಲ.

ಸೋಗಾನೆಯಲ್ಲಿರೋ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿ 27ಕ್ಕೆ. ಬೆಂಗಳೂರಿನ ವಿಮಾನ ಓಡಾಟ ಶುರುವಾಗಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಅಲ್ಲಿಂದ ಬೆಂಗಳೂರಿನ ವಿಮಾನ ನಿಲ್ದಾಣ ಇರೋ ದೇವನಹಳ್ಳಿಗೆ ಆಕಾಶದ ನೇರ ಹಾದಿ ಸುಮಾರು 240 ಕಿ.ಮೀ. ತಮಾಷೆ ಏನು ಗೊತ್ತಾ, ನಮ್ಮೂರಿಂದ ಬೆಂಗಳೂರಿಗೆ ರಸ್ತೆಯೂ ಹೆಚ್ಚುಕಮ್ಮಿ ಅಷ್ಟೇ! ವಿಮಾನ ಹತ್ತಬೇಕಂದ್ರೆ ನಾವು ಬೆಂಗಳೂರಿಗೆ ಬೆನ್ನು ಹಾಕಿ, ಭದ್ರಾವತಿ ದಾಟಿ, 35 ಕಿ.ಮೀ. ಆಸುಪಾಸು ಹಿಂದಕ್ಕೆ ಹೋಗಬೇಕು. ಕಡೂರಿನವರಿಗಂತೂ ಅದು ದುಪ್ಪಟ್ಟು.

ಈ ದಾರಿಗೆ ಬರೋದು ಎಟಿಆರ್, ರೆಕ್ಕೆಗೆ ಪಂಖ ಇರೋ ಸಣ್ಣ ವಿಮಾನ. ಗಂಟೆಗೆ 500 ಕಿ.ಮೀ. ಹೋಗುತ್ತೆ. ಹಾಗಾದ್ರೆ ಅರ್ಧ ಗಂಟೆ ಸಾಕಲ್ವಾ ಅಂತೀಯ. ಸಾಲದು ಕಣಪ್ಪ. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ. ದೇವನಹಳ್ಳಿ ಆಕಾಶದಲ್ಲಿ ಸರದಿ ಕಾಯಬೇಕಾಗಬಹುದು. ನೆಲಕ್ಕೆ ಇಳಿದ ಮೇಲೂ ನಿಲ್ಲೋ ಜಾಗಕ್ಕೆ ನಿಧಾನ ಉರುಳಿಕೊಂಡು ಹೋಗಬೇಕು. ಟಿಕೆಟ್ಟಿನಲ್ಲಿ ಬರೆಯೋ ಹೊತ್ತಲ್ಲಿ ಇದೆಲ್ಲಾ ಸೇರಿರುತ್ತೆ.

ಈಗ ನೀನೇ ಕೂಡಿಸು. ಮನೆಯಿಂದ ಸೋಗಾನೆಗೆ ಒಂದು ಗಂಟೆ. ಕೌಂಟರ್ ಮುಚ್ಚೋ ಮುಂಚೆ ಸೇರಿ ಕಾಯೋದು ಒಂದೂವರೆ. ವಿಮಾನದ್ದು ಒಂದು. ಅತ್ತ ಕಡೆ ಬ್ಯಾಗು ಬರೋದು ಕಾದು, ದೇವನಹಳ್ಳಿಯಿಂದ ಟ್ರಾಫಿಕ್ಕಿನಲ್ಲಿ ಊರೊಳಗೆ ಬರೋದಕ್ಕೆ ಎರಡು ಬೇಡವಾ? ರೈಲು ನಮ್ಮ ಸ್ಟೇಷನ್ನಿಗೇ ಬರುತ್ತೆ. ಒಳ್ಳೆ ರೈಲು ಸಿಕ್ಕರೆ ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರು. ನಿಮ್ಮಪ್ಪ ಮಂಡಿ ಹಿಡಿದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲೂಬಹುದು.

ಹಾಗಂತ ವಿಮಾನವೇ ಬೇಡ ಅನ್ನೋನಲ್ಲ ನಾನು. ಹೈದರಾಬಾದಿಗೆ ಹೋಗೋದಿದ್ರೆ ಲೆಕ್ಕ ತಿರುಗುಮುರುಗಾಗುತ್ತೆ. ನೇರ ದೂರವೇ 480 ಕಿ.ಮೀ. ಹತ್ತಿರ, ಬಸ್ಸಿನಲ್ಲಿ ಒಂದು ರಾತ್ರಿ ಪೂರಾ ಹೋಗುತ್ತೆ. ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ, ಗೋವಾಕ್ಕೆ ಸ್ಟಾರ್ ಏರ್‌ನವರು 2023ರ ನವೆಂಬರ್‌ನಲ್ಲಿ ಶುರು ಮಾಡಿದ್ರು. ಇಂಥ ಮಾರ್ಗಗಳ ವೇಳಾಪಟ್ಟಿ ಬದಲಾಗ್ತಾನೇ ಇರುತ್ತೆ, ನೀನು ಹೋಗೋ ದಿನ ಇದೆಯಾ ನೋಡಿಕೊಂಡೇ ದುಡ್ಡು ಕಟ್ಟು. ದೇವನಹಳ್ಳಿಯಿಂದ ಮುಂದೆ ದೆಹಲಿಗೋ ದುಬೈಗೋ ಹೋಗೋರಿಗೂ ಸೋಗಾನೆ ವಿಮಾನ ಅನುಕೂಲವೇ, ಟ್ರಾಫಿಕ್ಕಿಗೆ ಸಿಗದೆ ನೇರ ಅಲ್ಲೇ ಇಳೀತಾರೆ. ಆದರೆ ಎರಡನ್ನೂ ಒಂದೇ ಬುಕಿಂಗಿನಲ್ಲಿ ಮಾಡಿಸು. ಬೇರೆ ಬೇರೆ ಮಾಡಿಸಿ, ಮಳೆಗಾಲದಲ್ಲಿ ಮೋಡ ಕವಿದು ಮೊದಲನೇದು ತಡವಾಯ್ತೋ, ಎರಡನೇದು ತಪ್ಪಿದ ನಷ್ಟ ನಿನ್ನ ತಲೆಗೇ.

ಅಪ್ಪ-ಅಮ್ಮನ್ನ ಒಂದ್ಸಲ ವಿಮಾನ ಹತ್ತಿಸಬೇಕು ಅನ್ನೋ ಆಸೆ ಇದ್ರೆ ಮಾತು ಬೇರೆ. ಹತ್ತಿಸು, ಗಂಟೆ ಎಣಿಸಬೇಡ, ಕಿಟಕಿ ಸೀಟು ಅಮ್ಮನಿಗೇ ಕೊಡು. ಚೀಲ ಮಾತ್ರ ನೀನೇ ಕಟ್ಟು. ತೋಟದ್ದು ಅಂತ ಅವಳು ಒಣಕೊಬ್ಬರಿ ತುಂಬಿರ್ತಾಳೆ; ಎಣ್ಣೆಯಂಶ ಜಾಸ್ತಿ, ಬೆಂಕಿ ಹತ್ತೋ ಸರಕು ಅಂತ ಅದನ್ನ ವಿಮಾನಕ್ಕೆ ಬಿಡಲ್ಲ. ತಪಾಸಣೆಯವರು ತೆಗೆಸೋಕೆ ಬಂದ್ರೆ ನಿಮ್ಮಮ್ಮ ಸುಮ್ಮನಿರ್ತಾಳಾ?